ಚಲಚ್ಚಿತ್ರದ ಆಕಾಶವೂ ಹಾಸನದ ಆಕಾಶವೂ

ಹಳೇಬೀಡಿನ ಹೊಯ್ಸಳೇಶ್ವರನನ್ನು ನೋಡಿ ಮರಳುವ ಪ್ರವಾಸಿಗಳಲ್ಲಿ, ಅಲ್ಲಿಗೆ ಸಮೀಪದಲ್ಲಿಯೇ ಇರುವ ಬಸ್ತಿಹಳ್ಳಿಯವರೆಗೆ ಕಾಲೆಳೆದುಕೊಂಡು ಬರುವವರು ವಿರಳ. ಬಂದವರಾದರೋ, ಹೊಯ್ಸಳರ ದಂಡನಾಯಕ ಗಂಗರಾಜನ ಮಗನಾದ ಬೊಪ್ಪದೇವನು ೧೧೩೩ರಲ್ಲಿ ಕಟ್ಟಿಸಿದ ಪಾರ್ಶ್ವನಾಥ ಬಸದಿಯ ನವರಂಗದಲ್ಲಿ, ಮುಖ ಕಾಣುವಷ್ಟು ನುಣುಪಾಗಿ ಕಡೆದ ಕರಿಯ ಕಂಬಗಳೆದುರು ನಿಂತು, ತಮ್ಮ ಬಿಂಬವು ಒಂದೆಡೆ ಕೃಶವಾಗಿಯೂ ಮತ್ತೊಂದೆಡೆ ವಿಕಾರವಾಗಿಯೂ ತೋರುವುದನ್ನು ಕಂಡು ನಕ್ಕು ಹೋಗುತ್ತಾರೆ. ಆ ವಿಕಾರಕ್ಕೂ ಒಂದು ನಿಯಮವುಂಟು. ಕಂಬದ ಉಬ್ಬುತಗ್ಗುಗಳನ್ನು ಅಳೆದವನು ಬಿಂಬದ ಆಕಾರವನ್ನು ಮೊದಲೇ ಹೇಳಬಲ್ಲನು. ಅಂತರಿಕ್ಷವನ್ನು ಕುರಿತ ಚಲಚ್ಚಿತ್ರಗಳು ತೋರುವ ವಿಕಾರಕ್ಕೆ ಮಾತ್ರ ಗಲ್ಲಾಪೆಟ್ಟಿಗೆಯ ಹೊರತು ಬೇರೊಂದು ನಿಯಮ ಕಾಣದು.

ಆ ದೃಶ್ಯ ಎಲ್ಲರಿಗೂ ಪರಿಚಿತವೇ. ನಕ್ಷತ್ರಗಳ ನಡುವೆ ಶತ್ರುವಿನ ನೌಕೆಯೊಂದು ಸಿಡಿಯುತ್ತದೆ. ಕಿತ್ತಳೆ ಬಣ್ಣದ ಜ್ವಾಲೆ ಸುರುಳಿ ಸುರುಳಿಯಾಗಿ ಏಳುತ್ತದೆ. ಚಿತ್ರಮಂದಿರದ ಕುರ್ಚಿಗಳು ನಡುಗುವಂತೆ ಗರ್ಜನೆ ಕೇಳುತ್ತದೆ. ದೂರದಲ್ಲಿರುವ ನಾಯಕನ ನೌಕೆಯೂ ಆ ಹೊಡೆತಕ್ಕೆ ತೂರಾಡುತ್ತದೆ. ಇವುಗಳಲ್ಲಿ ಒಂದಾದರೂ ಅಂತರಿಕ್ಷದ್ದಲ್ಲ, ಎಲ್ಲವೂ ಭೂಮಿಯದು. ಜ್ವಾಲೆಯ ಆ ಕಿತ್ತಳೆ ಬಣ್ಣವು ಪೆಟ್ರೋಲು ಗಾಳಿಯಲ್ಲಿ ಅರೆಬರೆ ಉರಿದು ಕಾದ ಮಸಿಯ ಕಣಗಳಿಂದ ಬಂದುದು; ಸುರುಳಿಯಾಗಿ ಮೇಲೇಳುವುದು, ಬಿಸಿಯಾದ ಅನಿಲವನ್ನು ಸುತ್ತಲಿನ ಭಾರವಾದ ತಣ್ಣನೆಯ ಗಾಳಿಯು ಮೇಲಕ್ಕೆ ನೂಕುವುದರಿಂದ; ಗರ್ಜನೆಯೂ ಆಘಾತದ ಅಲೆಯೂ ಅದೇ ಗಾಳಿಯ ಒತ್ತಡದ ರೂಪಗಳು. ಗಾಳಿಯೇ ಇಲ್ಲದೆಡೆಯಲ್ಲಿ, ನೌಕೆಯು ತನ್ನೊಡನೆ ಒಯ್ದ ಆಮ್ಲಜನಕದ ಬಲದಿಂದ ಇಂಧನವು ಸಿಡಿದರೂ, ಹೊರಬಿದ್ದ ಅನಿಲವನ್ನು ತಡೆದು ನಿಲ್ಲಿಸುವ ವಸ್ತುವಿಲ್ಲವಾದ ಕಾರಣ ಅದು ಎಲ್ಲ ದಿಕ್ಕಿಗೂ ಹಬ್ಬಿ, ತೆಳುವಾಗಿ, ತಣಿದು, ಒಂದು ಮಿಂಚಿನ ಹೊಳಪಿನಲ್ಲಿ ಅಡಗಿಹೋಗುತ್ತದೆ. ಉಳಿಯುವುವು ಚೂರುಗಳು. ಅವನ್ನು ನಿಧಾನಗೊಳಿಸುವುದಕ್ಕೂ ಏನೂ ಇಲ್ಲ.

ಇದು ಕೇವಲ ತರ್ಕವಲ್ಲ. ಮನುಷ್ಯನು ಈ ಪ್ರಯೋಗವನ್ನು ಮಾಡಿಯೇ ನೋಡಿದ್ದಾನೆ. ೧೯೬೨ರ ಜುಲೈ ೯ರಂದು ಅಮೆರಿಕವು ಪೆಸಿಫಿಕ್ ಸಾಗರದ ಮೇಲೆ ಸುಮಾರು ೪೦೦ ಕಿಲೋಮೀಟರ್ ಎತ್ತರದಲ್ಲಿ ೧.೪ ಮೆಗಾಟನ್ ಶಕ್ತಿಯ ಅಣ್ವಸ್ತ್ರವನ್ನು ಸಿಡಿಸಿತು. ಅಣಬೆಯಾಕಾರದ ಮೋಡ ಏಳಲಿಲ್ಲ, ಸದ್ದೂ ಬರಲಿಲ್ಲ. ಬದಲಾಗಿ ಧ್ರುವಪ್ರಭೆಯನ್ನು ಹೋಲುವ ಬೆಳಕು ಆಕಾಶವನ್ನು ಬಣ್ಣಗೊಳಿಸಿತು, ಸಾವಿರದ ನಾನೂರು ಕಿಲೋಮೀಟರ್ ದೂರದ ಹವಾಯಿಯಲ್ಲಿ ಕೆಲವು ಬೀದಿದೀಪಗಳು ಆರಿದವು, ಅನಂತರದ ತಿಂಗಳುಗಳಲ್ಲಿ ಹಲವು ಉಪಗ್ರಹಗಳು ವಿಕಿರಣದಿಂದ ಕೆಟ್ಟವು. ಚಲಚ್ಚಿತ್ರಗಳ ಬೆಂಕಿಯುಂಡೆಗಿಂತ ಇದು ಭಯಂಕರವೆಂದೇ ನನ್ನೆಣಿಕೆ.

ನಮ್ಮ ದೇಶದ ಉದಾಹರಣೆಯೂ ಇದೆ. ೨೦೦೧ರ ಅಕ್ಟೋಬರಿನಲ್ಲಿ ಶ್ರೀಹರಿಕೋಟೆಯಿಂದ ಏರಿದ ಪಿಎಸ್‌ಎಲ್‌ವಿ-ಸಿ೩ ರಾಕೆಟ್ಟು ತನ್ನ ಉಪಗ್ರಹಗಳನ್ನು ಸರಿಯಾಗಿ ಕಕ್ಷೆಗೆ ಸೇರಿಸಿ ಕೀರ್ತಿವಂತವಾಯಿತು. ಆದರೆ ಕೆಲಸ ಮುಗಿಸಿ ಕಕ್ಷೆಯಲ್ಲಿಯೇ ಸುತ್ತುತ್ತಿದ್ದ ಅದರ ನಾಲ್ಕನೆಯ ಹಂತವು, ಅದೇ ಡಿಸೆಂಬರಿನಲ್ಲಿ, ಒಳಗುಳಿದಿದ್ದ ಇಂಧನದಿಂದಾಗಿ ಸಿಡಿದು ಮುನ್ನೂರಕ್ಕೂ ಮಿಕ್ಕ ಚೂರುಗಳಾಯಿತು. ಕೇಳಿದವರಿಲ್ಲ, ಕಂಡವರಿಲ್ಲ; ರೇಡಾರುಗಳ ಎಣಿಕೆಯಲ್ಲಿ ಮಾತ್ರ ಸ್ಫೋಟವು ದಾಖಲಾಯಿತು. ಅಂದಿನಿಂದ ಇಸ್ರೋ ಉಳಿಕೆ ಇಂಧನವನ್ನು ಹೊರಹಾಕಿ ಹಂತವನ್ನು ನಿರಪಾಯಗೊಳಿಸುವ ಕ್ರಮವನ್ನು ರೂಢಿಸಿಕೊಂಡಿತು. ಏಕೆಂದರೆ ಸ್ಫೋಟದ ಚೂರುಗಳು ನೆಟ್ಟಗೆ ಶೂನ್ಯಕ್ಕೆ ಹಾರಿಹೋಗುವುದಿಲ್ಲ, ಒಂದೊಂದೂ ತನ್ನದೇ ಕಕ್ಷೆ ಹಿಡಿದು ಭೂಮಿಯನ್ನು ಸುತ್ತುತ್ತದೆ.

ಸ್ಫೋಟವಷ್ಟೇ ಅಲ್ಲ, ನೌಕೆಗಳ ಚಲನೆಯೂ ಚಿತ್ರಗಳಲ್ಲಿ ವಿಕಾರವೇ. ಬಸ್ತಿಹಳ್ಳಿಯಿಂದ ಸುಮಾರು ಮೂವತ್ತು ಕಿಲೋಮೀಟರ್ ದೂರದ ಹಾಸನದಲ್ಲಿರುವ ಇಸ್ರೋದ ಪ್ರಧಾನ ನಿಯಂತ್ರಣ ಕೇಂದ್ರದ ದೊಡ್ಡ ಬಟ್ಟಲಿನ ಆಂಟೆನಾಗಳನ್ನು ಕಂಡವರು ಅನೇಕರು. ಅಲ್ಲಿ ನಡೆಯುವ ಕೆಲಸವನ್ನು ಅರಿತವರು ಕೆಲವರೇ. ಮೂವತ್ತಾರು ಸಾವಿರ ಕಿಲೋಮೀಟರ್ ಎತ್ತರದ ಉಪಗ್ರಹಗಳನ್ನು ತಮ್ಮ ಸ್ಥಾನದಲ್ಲಿ ನಿಲ್ಲಿಸುವುದು ಅಲ್ಲಿನ ಎಂಜಿನಿಯರರ ನಿತ್ಯದ ಕಾರ್ಯ. ಅಂತಹ ಉಪಗ್ರಹದ ಮುಖ್ಯ ಎಂಜಿನಿನ ನೂಕುಬಲ ೪೪೦ ನ್ಯೂಟನ್, ಎಂದರೆ ಒಂದು ಅಕ್ಕಿಮೂಟೆಯ ತೂಕಕ್ಕಿಂತ ಕಡಿಮೆ. ಎರಡು ಟನ್ನಿನ ವಾಹನವನ್ನು ಅದು ಒಂದು ನಿಮಿಷ ನೂಕಿದರೆ, ವೇಗವು ಗಂಟೆಗೆ ನಲವತ್ತು ಐವತ್ತು ಕಿಲೋಮೀಟರ್ ಹೆಚ್ಚೀತು. ಆದ್ದರಿಂದಲೇ ಜಿಸ್ಯಾಟ್-೬ಎ ಉಪಗ್ರಹದ ಕಕ್ಷೆಯನ್ನು ಎತ್ತರಿಸಲು ಅದರ ಎಂಜಿನನ್ನು ೨೦೧೮ರ ಮಾರ್ಚ್ ೩೧ರಂದು ಸುಮಾರು ೫೩ ನಿಮಿಷಗಳ ಕಾಲ ಉರಿಸಬೇಕಾಯಿತು. ಚಿತ್ರದ ನೌಕೆಗಳಾದರೋ ಸದಾ ಬೆಂಕಿಯುಗುಳುತ್ತ, ವಿಮಾನಗಳಂತೆ ಓರೆಯಾಗಿ ವಾಲಿ ತಿರುಗುತ್ತವೆ. ರೆಕ್ಕೆಗೆ ಒರಗಲು ಗಾಳಿಯಿಲ್ಲದೆಡೆ ವಾಲುವುದರಿಂದ ಏನು ಪ್ರಯೋಜನವೋ ತಿಳಿಯದು.

ನಿಜವಾದ ಆಪತ್ತು ಅಲ್ಲಿ ಹೇಗೆ ಬರುತ್ತದೆ? ಎಂಜಿನು ಹಾಗೆ ಉರಿದ ಬಳಿಕ ಜಿಸ್ಯಾಟ್-೬ಎಯ ಸಂಕೇತಗಳು ನಿಂತುಹೋದವು, ಅಷ್ಟೇ. ಹಾಸನದ ಪಾಲಿಗೆ ಇದು ಹೊಸತೂ ಅಲ್ಲ. ೧೯೮೨ರ ಏಪ್ರಿಲಿನಲ್ಲಿ ಹಾರಿದ ಇನ್ಸಾಟ್-೧ಎ, ಒಂದರ ಮೇಲೊಂದು ತೊಡಕಿಗೆ ಸಿಕ್ಕಿ, ಅದೇ ಸೆಪ್ಟೆಂಬರಿನಲ್ಲಿ ದಿಕ್ಕುತಪ್ಪಿ ಇಂಧನ ತೀರಿ ಕೈಬಿಟ್ಟುಹೋಗಿತ್ತು.

ಕಲೆಗೆ ಸ್ವಾತಂತ್ರ್ಯವಿಲ್ಲವೇ ಎಂದು ಕೇಳುವವರುಂಟು. ಉಂಟು, ಯಕ್ಷಗಾನದ ಯುದ್ಧದಲ್ಲಿ ಕುಣಿತವೇಕೆಂದು ಯಾರೂ ಕೇಳುವುದಿಲ್ಲ, ಏಕೆಂದರೆ ಅದು ತಾನು ನಿಜವೆಂದು ಹೇಳಿಕೊಳ್ಳುವುದಿಲ್ಲ. ಪ್ರತಿ ತಿರುಪನ್ನೂ ನೈಜವಾಗಿ ತೋರಿಸುವೆವೆಂದು ಕೋಟಿಗಳನ್ನು ಸುರಿಯುವ ಚಿತ್ರಕ್ಕೆ ಆ ವಿನಾಯಿತಿ ಸಲ್ಲದು. ೨೦೧೩ರ ‘ಗ್ರಾವಿಟಿ’ಯು ಚೂರುಗಳ ಹಾವಳಿಯನ್ನೂ ಮೌನವನ್ನೂ ಶ್ರದ್ಧೆಯಿಂದ ತೋರಿಸಿಯೂ, ಬೇರೆ ಬೇರೆ ಎತ್ತರ ಹಾಗೂ ಓರೆಗಳ ಕಕ್ಷೆಗಳಲ್ಲಿರುವ ಹಬಲ್ ದೂರದರ್ಶಕವನ್ನೂ ಅಂತರರಾಷ್ಟ್ರೀಯ ನಿಲ್ದಾಣವನ್ನೂ ನೆರೆಮನೆಗಳನ್ನಾಗಿಸಿತು. ಚಂದ್ರನ ಮೇಲೆ ಮನುಷ್ಯನು ಕಾಲಿಡುವುದಕ್ಕೆ ಮೊದಲೇ, ೧೯೬೮ರಲ್ಲಿ ತೆರೆಕಂಡ ಸ್ಟಾನ್ಲಿ ಕುಬ್ರಿಕ್ಕನ ‘೨೦೦೧: ಎ ಸ್ಪೇಸ್ ಒಡಿಸ್ಸಿ’ಯಲ್ಲಿ, ಶಿರಸ್ತ್ರಾಣವಿಲ್ಲದ ಯಾತ್ರಿಕನು ಬಾಗಿಲನ್ನು ಸಿಡಿಸಿ ನೌಕೆಯೊಳಕ್ಕೆ ನುಗ್ಗುವಾಗ ಒಂದು ಚೂರೂ ಸದ್ದಿಲ್ಲ, ಕೋಣೆಗೆ ಗಾಳಿ ತುಂಬಿದ ಮೇಲೆಯೇ ಸದ್ದು ಹಿಂದಿರುಗುತ್ತದೆ. ಸ್ಫೋಟವನ್ನು ಅಷ್ಟು ಸರಿಯಾಗಿ ತೋರಿಸಿದ ಚಿತ್ರ ನನ್ನ ಮಟ್ಟಿಗೆ ಇನ್ನೊಂದಿಲ್ಲ. ಕನ್ನಡದಲ್ಲಿ ಅಂತರಿಕ್ಷದ ಕಥೆಯನ್ನು ತೆರೆಗೆ ತರಬಯಸುವ ನಿರ್ದೇಶಕರಲ್ಲಿ ನನ್ನ ಪ್ರಾರ್ಥನೆ ಇಷ್ಟೇ: ಪಟಾಕಿ ಮದ್ದಿಗೆ ಹಣ ಹೂಡುವ ಮೊದಲು, ಹಾಸನದ ಒಬ್ಬ ಎಂಜಿನಿಯರರೊಡನೆ ಒಂದು ಸಂಜೆ ಮಾತನಾಡಿರಿ.