ನೇತ್ರಾಣಿಯ ಹವಳಗಳೂ ನೀರೊಳಗಣ ಉಸಿರೂ

ಶಿರಸಿ, ಸಿದ್ದಾಪುರ, ಯಲ್ಲಾಪುರಗಳೆಂಬ ಘಟ್ಟದ ಮೇಲಣ ಸೀಮೆಯವರಾದ ನಮಗೆ ಸಮುದ್ರವು ದೂರದ ನೆಂಟನಿದ್ದಂತೆ. ಆದರೂ ನಮ್ಮ ಹೊಳೆಗಳು ಅಲ್ಲಿಗೇ ಹೋಗುವವು. ಶಿರಸಿಯ ಕಡೆಯ ಅಘನಾಶಿನಿಯು ತದಡಿಯ ಬಳಿಯಲ್ಲಿಯೂ, ಯಲ್ಲಾಪುರದ ಕಾಡನ್ನು ಹಾಯುವ ಬೇಡ್ತಿಯು ಗಂಗಾವಳಿಯೆಂಬ ಹೆಸರಿನಿಂದ ಅಂಕೋಲೆಯ ಸೀಮೆಯಲ್ಲಿಯೂ, ಜೋಗದಲ್ಲಿ ಧುಮುಕುವ ಶರಾವತಿಯು ಹೊನ್ನಾವರದಲ್ಲಿಯೂ ಕಡಲನ್ನು ಕೂಡುವವು. ಈಚೆಗೆ ನಮ್ಮ ಹುಡುಗಿಯರು ರಜೆಯಲ್ಲಿ ಮುರ್ಡೇಶ್ವರಕ್ಕೆ ಹೋಗಿ, ಅಲ್ಲಿಂದ ಸುಮಾರು 19 ಕಿಲೋಮೀಟರು ದೂರದ ನೇತ್ರಾಣಿ ದ್ವೀಪದ ಬಳಿ ಮುಳುಗಿ ಹವಳಗಳನ್ನು ನೋಡಲು ಹಂಬಲಿಸುವದರಿಂದ, ಆ ಸಂಗತಿಯನ್ನು ಮಾತಾಪಿತೃಗಳಿಗೆ ಸಂಕ್ಷೇಪವಾಗಿ ತಿಳಿಸಬಯಸುತ್ತೇವೆ.

ದಂಡೆಯಲ್ಲಿಯೇ ಮುಳುಗಿ ನೋಡಲಾಗದೆ? ಹೊಳೆಗಳು ತರುವ ಮಣ್ಣಿನಿಂದಲೂ ತೆರೆಗಳು ಎಬ್ಬಿಸುವ ಮರಳಿನಿಂದಲೂ ಅಲ್ಲಿಯ ನೀರು ಕದಡಿರುವದು. ದ್ವೀಪದ ಸುತ್ತಲ ನೀರು ಹೆಚ್ಚು ತಿಳಿಯಾದದ್ದು. ಹವಳವು ಕಲ್ಲೂ ಅಲ್ಲ, ಗಿಡವೂ ಅಲ್ಲ. ಅದು ಸಣ್ಣ ಪ್ರಾಣಿಗಳು ಕಟ್ಟಿಕೊಂಡ ಸುಣ್ಣದ ಮನೆ. ಆ ಪ್ರಾಣಿಗಳ ಮೈಯೊಳಗಿರುವ ಸೂಕ್ಷ್ಮ ಪಾಚಿಯು ಬಿಸಿಲಿನ ಬಲದಿಂದ ಆಹಾರವನ್ನು ಸಿದ್ಧಪಡಿಸಿ ಅವುಗಳನ್ನು ಪೋಷಿಸುವದು. ಮಣ್ಣು ಕವಿದರೆ ಬೆಳಕು ತಪ್ಪುವದು. ನೀರು ಬಹುದಿನ ಮಿತಿಮೀರಿ ಬಿಸಿಯಾದರೆ ಪಾಚಿಯು ಹೊರಟುಹೋಗಿ ಹವಳವು ಬಿಳಿಚುವದು.

ನೋಡುವ ರೀತಿಗಳು ಎರಡು. ಮುಖಕ್ಕೆ ಗಾಜಿನ ಮುಸುಕನ್ನೂ ಬಾಯಿಗೆ ಸ್ನಾರ್ಕೆಲ್ ಎಂಬ ಗಿಡ್ಡ ಕೊಳವೆಯನ್ನೂ ಇಟ್ಟುಕೊಂಡು ನೀರಿನ ಮೇಲೆ ತೇಲುತ್ತ ನೋಡುವದು ಮೊದಲನೆಯದು. ಕಣ್ಣಿಗೂ ನೀರಿಗೂ ನಡುವೆ ಗಾಳಿಯಿದ್ದರೆ ಮಾತ್ರ ನೋಟವು ಸ್ಪಷ್ಟವಾಗುವದು. ಕೊಳವೆಯನ್ನು ಉದ್ದಮಾಡಿ ಆಳಕ್ಕೆ ಇಳಿಯಬಾರದೆ ಎಂದು ಕೆಲವರು ಕೇಳಬಹುದು. ಒಂದು ಮೀಟರು ಆಳದಲ್ಲಿಯೇ ನೀರಿನ ಭಾರವು ಎದೆಯನ್ನು ಒತ್ತುವದರಿಂದ, ಮೇಲಿನ ಗಾಳಿಯನ್ನು ಎಳೆದುಕೊಳ್ಳುವದು ಅಸಾಧ್ಯಪ್ರಾಯವಾಗುವದು.

ಎರಡನೆಯದು ಸ್ಕೂಬಾ. 1943ರಲ್ಲಿ ಫ್ರಾನ್ಸಿನ ಕುಸ್ತೋ ಮತ್ತು ಗಾನ್ಯಾಂ ಎಂಬವರು ರೂಪಿಸಿದ ಸಾಧನವು, ಬೆನ್ನಿನ ಸಿಲಿಂಡರಿನ ಗಾಳಿಯನ್ನು ಸುತ್ತಲಿನ ನೀರಿನ ಒತ್ತಡಕ್ಕೆ ಸರಿಯಾಗಿ ಬಾಯಿಗೆ ಒದಗಿಸುವದು. ಹತ್ತು ಮೀಟರು ಆಳದಲ್ಲಿ ಒತ್ತಡವು ಮೇಲಿನದರ ಇಮ್ಮಡಿ. ಅಲ್ಲಿ ಎಳೆದ ಉಸಿರನ್ನು ಬಿಗಿಹಿಡಿದು ಮೇಲೇರಿದರೆ, ಗಾಳಿಯು ಇಮ್ಮಡಿಯಾಗಿ ಹಿಗ್ಗುತ್ತ ಶ್ವಾಸಕೋಶವನ್ನೇ ಹರಿದೀತು. ಆದಕಾರಣ "ಉಸಿರು ಕಟ್ಟಬೇಡ, ಸಾವಕಾಶವಾಗಿ ಏರು" ಎಂಬುದೇ ಮೊದಲ ಪಾಠ. ಕಿವಿ ನೊಂದರೆ ಇಳಿಯುವದನ್ನು ಅಲ್ಲಿಯೇ ನಿಲ್ಲಿಸತಕ್ಕದ್ದು. ಶೀತ, ಉಬ್ಬಸಗಳುಳ್ಳವರು ವೈದ್ಯರನ್ನು ಕೇಳದೆ ಇಳಿಯಲಾಗದು. ಮಳೆಗಾಲದ ಕಡಲಿನ ಗೊಡವೆ ಯಾರಿಗೂ ಬೇಡ. ಹವಳವನ್ನು ಮುಟ್ಟುವದಾಗಲಿ ಮುರಿಯುವದಾಗಲಿ ಕೂಡದು. 1972ರ ವನ್ಯಜೀವಿ ಕಾಯಿದೆಯು ಅದಕ್ಕೂ ರಕ್ಷಣೆಯನ್ನು ಕೊಟ್ಟಿರುವದು.

ಕಡೆಯದಾಗಿ ಎರಡು ಮಾತು. ಹೆಣ್ಣುಮಕ್ಕಳಿಗೆ ಈಜು ಏತಕ್ಕೆಂಬ ಹಳೆಯ ಮಾತನ್ನು ಬಿಟ್ಟು, ಕಡಲಿಗೆ ಕಳುಹುವ ಮುನ್ನ ಬಲ್ಲವರ ಕಣ್ಣೆದುರಿನಲ್ಲಿ ಅವರಿಗೆ ಈಜು ಕಲಿಸಿರಿ. ಮನೆಯ ಹತ್ತಿರದ ಹೊಳೆಯ ಗುಂಡಿಯಲ್ಲಿಯೂ ಅದೇ ಅವರ ಪ್ರಾಣವನ್ನು ಉಳಿಸುವದು. ಎರಡನೆಯದಾಗಿ, ನಮ್ಮ ಬೆಟ್ಟವು ಬೋಳಾದರೆ ಅದರ ಕೆಮ್ಮಣ್ಣು ಹೊಳೆಯ ದಾರಿಯಿಂದ ಕಡಲನ್ನು ಸೇರುವದು. ನಮ್ಮ ಮಕ್ಕಳು ಮುಳುಗಿ ನೋಡುವ ನೀರು ತಿಳಿಯಾಗಿರಬೇಕಾದರೆ, ಘಟ್ಟದ ಮೇಲಿನ ಮರಗಳನ್ನು ನಾವು ಕಾಯತಕ್ಕದ್ದು.