ಮೈ ಜುಮುಜುಮು, ತಲೆ ಗಿರಗಿರ

ಕೈಬೆರಳು ಜುಮುಗುಟ್ಟಿ, ಬೆನ್ನಿಗೇ ತಲೆ ಸುತ್ತಿದರೆ ಮನೆಯವರು ಮೊದಲು ಹೇಳುವುದು ‘ಬೀಪಿ ಇರಬೇಕು’ ಅಂತ. ಇಲ್ಲವೇ ‘ಗ್ಯಾಸು’. ಗ್ಯಾಸಿಗೆ ಇಷ್ಟೊಂದು ಕೀರ್ತಿ ಕೊಡಬೇಕಿಲ್ಲ. ಯಾವಾಗ ಬಂತು, ಎಷ್ಟು ಹೊತ್ತು ಇತ್ತು, ಮೈಯ ಯಾವ ಭಾಗದಲ್ಲಿ ಎಂದು ವಿಚಾರಿಸಿದರೆ ದಾರಿ ಕಾಣುತ್ತದೆ.

ದಿಢೀರನೆ ಬಂದು ಸ್ವಲ್ಪ ಹೊತ್ತಿನಲ್ಲೇ ಇಳಿದುಹೋಗುವುದಕ್ಕೆ ಎಷ್ಟೋ ಸಲ ಗಾಬರಿಯೇ ಕಾರಣ. ಹೆದರಿದಾಗ ಉಸಿರಾಟ ಜೋರಾಗಿ, ರಕ್ತದ ಕಾರ್ಬನ್ ಡೈಆಕ್ಸೈಡ್ ಬೇಕಾದ್ದಕ್ಕಿಂತ ಹೆಚ್ಚು ಹೊರಹೋಗುತ್ತದೆ. ಮಿದುಳಿನ ರಕ್ತನಾಳಗಳು ಕಿರಿದಾಗಿ ತಲೆ ತಿರುಗುತ್ತದೆ; ನರಗಳಿಗೆ ದಕ್ಕುವ ಕ್ಯಾಲ್ಸಿಯಂ ತಗ್ಗಿ ತುಟಿಯ ಸುತ್ತ, ಬೆರಳ ತುದಿಯಲ್ಲಿ ಜೋಮು ಹಿಡಿಯುತ್ತದೆ. ಅದನ್ನು ಕಂಡು ಗಾಬರಿ ಇನ್ನೂ ಏರುತ್ತದೆ, ಉಸಿರೂ ಏರುತ್ತದೆ. ಸಿನಿಮಾದಲ್ಲಿ ತೋರಿಸುವಂತೆ ಕಾಗದದ ಚೀಲದೊಳಗೆ ಉಸಿರಾಡುವುದು ಇಲ್ಲಿ ಬೇಡ. ಅಸಲಿಗೆ ಇರುವುದು ಆಸ್ತಮಾ ಅಥವಾ ಹೃದಯದ ತೊಂದರೆಯಾದರೆ ಅದು ಅಪಾಯ. ಕೂತು, ಉಸಿರನ್ನು ನಿಧಾನವಾಗಿ ಬಿಡುವುದೇ ಮೇಲು.

ತಿಂಗಳುಗಟ್ಟಲೆ ಪಾದ ಜೋಮು ಹಿಡಿದು, ಸುಸ್ತು, ಮರೆವು, ನಡಿಗೆಯಲ್ಲಿ ತೂರಾಟ ಸೇರಿಕೊಂಡರೆ ಅನುಮಾನ ವಿಟಮಿನ್ ಬಿ12 ಕಡೆಗೆ ಹೋಗಬೇಕು. ಅದು ಕಡಿಮೆಯಾದರೆ ನರಗಳ ಹೊರಕವಚ ಹಾಳಾಗುತ್ತದೆ, ರಕ್ತಹೀನತೆಯಿಂದ ತಲೆಸುತ್ತೂ ಬರುತ್ತದೆ. ಸೊಪ್ಪು, ಕಾಳು ಎಷ್ಟು ತಿಂದರೂ ಇದು ಸಿಗದು. ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸವೇ ಬೇಕು. ಸಕ್ಕರೆ ಕಾಯಿಲೆಗೆ ವರ್ಷಗಟ್ಟಲೆ ನುಂಗುವ ಮೆಟ್‌ಫಾರ್ಮಿನ್ ಕೂಡ ಇದನ್ನು ಸರಿಯಾಗಿ ಮೈಗೆ ಹತ್ತಗೊಡದಿರಬಹುದು. 1926ರಲ್ಲಿ ಬಾಸ್ಟನ್ನಿನ ವೈದ್ಯರಾದ ಜಾರ್ಜ್ ಮೈನಟ್, ವಿಲಿಯಂ ಮರ್ಫಿ ಮಾರಕ ರಕ್ತಹೀನತೆಯ 45 ರೋಗಿಗಳಿಗೆ ದಿನವೂ ಪ್ರಾಣಿಗಳ ಲಿವರ್ ತಿನ್ನಿಸಿ ಚೇತರಿಕೆ ಕಂಡಿದ್ದರು. 1934ರಲ್ಲಿ ಅವರಿಗೆ ನೊಬೆಲ್ ಬಂತು. ಲಿವರಿನಲ್ಲಿದ್ದ ಆ ವಸ್ತು ಬಿ12 ಎಂದು ತಿಳಿದದ್ದು 1948ರಲ್ಲಿ. ಕೊರತೆ ಪತ್ತೆಹಚ್ಚಲು ಈಗ ಒಂದು ರಕ್ತಪರೀಕ್ಷೆ ಸಾಕು. ತಡಮಾಡಿದರೆ ಮಾತ್ರ ನರದ ಹಾನಿ ಪೂರ್ತಿ ವಾಸಿಯಾಗದೇ ಉಳಿಯಬಹುದು.

ಇನ್ಸುಲಿನ್ ತೆಗೆದುಕೊಂಡು ಊಟ ತಪ್ಪಿಸಿದವರಿಗೆ ಬೆವರು, ನಡುಕದ ಜೊತೆ ತುಟಿ ಜುಮ್ಮೆಂದರೆ ರಕ್ತದ ಸಕ್ಕರೆ 70ಕ್ಕಿಂತ (mg/dL) ಕೆಳಗಿಳಿದಿರಬಹುದು. ಎಚ್ಚರವಿದ್ದರೆ ತಕ್ಷಣ ಸಕ್ಕರೆ ನೀರು ಕುಡಿಸಬೇಕು.

ಜೋಮು ಮೈಯ ಒಂದೇ ಬದಿಗೆ ಬಂದು, ಬಾಯಿ ಸೊಟ್ಟಗಾಗಿ, ಮಾತು ತೊದಲಿದರೆ ಅದು ಪಾರ್ಶ್ವವಾಯುವಿನ ಲಕ್ಷಣ. ಕೆಲವೇ ನಿಮಿಷಗಳಲ್ಲಿ ಸರಿಹೋದರೂ ಮನೆಯಲ್ಲಿ ಮಲಗಿಸಬಾರದು, 108ಕ್ಕೆ ಕರೆ ಮಾಡಬೇಕು. ರಕ್ತದ ಹೆಪ್ಪು ಕರಗಿಸುವ ಇಂಜೆಕ್ಷನ್ ಸಾಮಾನ್ಯವಾಗಿ ಕೊಡುವುದು ಲಕ್ಷಣ ಶುರುವಾದ ನಾಲ್ಕೂವರೆ ಗಂಟೆಯೊಳಗೆ; ಅದಕ್ಕೂ ಮುಂಚೆ ಸ್ಕ್ಯಾನ್ ಆಗಬೇಕು. ಹಾಗಾಗಿ ‘ಎಷ್ಟು ಗಂಟೆಗೆ ಶುರುವಾಯಿತು’ ಎಂದು ವೈದ್ಯರು ಕೇಳಿಯೇ ಕೇಳುತ್ತಾರೆ. ಜೊತೆಗೆ ಹೋಗುವವರು ಗಡಿಯಾರ ನೋಡಿಕೊಂಡಿರಬೇಕು.