ರಬ್ಬರ್ ದೋಣಿಯಲ್ಲಿ ಬಂದ ಯುವಕ ಜರ್ಮನಿಯ ಹಳ್ಳಿಗೆ ಮೇಯರ್ ಆಗಿದ್ದು ಹೇಗೆ?

ಜರ್ಮನಿಯ ಸ್ಟುಟ್‌ಗಾರ್ಟ್ ನಗರದ ಪಶ್ಚಿಮಕ್ಕೆ ಓಸ್ಟೆಲ್ಸ್‌ಹೈಮ್ ಅಂತ ಒಂದು ಊರಿದೆ. ಜನಸಂಖ್ಯೆ ಹೆಚ್ಚುಕಮ್ಮಿ 2,500. 2023ರ ಏಪ್ರಿಲ್ 2ರ ಭಾನುವಾರ ಇಲ್ಲಿ ಮೇಯರ್ ಚುನಾವಣೆ ನಡೆಯಿತು. ಕಣದಲ್ಲಿ ಮೂವರಿದ್ದರು. ಗೆದ್ದವರು 29 ವರ್ಷದ ರಯಾನ್ ಅಲ್‌ಶೆಬ್ಲ್. ಎಂಟು ವರ್ಷದ ಹಿಂದಷ್ಟೇ ಸಿರಿಯಾದಿಂದ ಓಡಿಬಂದ ನಿರಾಶ್ರಿತ!

ಅಲ್‌ಶೆಬ್ಲ್ ಹುಟ್ಟಿದ್ದು ದಕ್ಷಿಣ ಸಿರಿಯಾದ ಸುವೈದಾದಲ್ಲಿ. ತಾಯಿ ಶಾಲಾ ಶಿಕ್ಷಕಿ, ತಂದೆ ಕೃಷಿ ಎಂಜಿನಿಯರ್. ಅಂತರ್ಯುದ್ಧ ಜೋರಾದಾಗ ಸೇನೆಗೆ ಸೇರಲೇಬೇಕಾದ ಸ್ಥಿತಿ ಬಂತು. ಸ್ವಂತ ಜನರ ಮೇಲೆ ಬಂದೂಕು ಹಿಡಿಯುವುದು ಬೇಡ ಅಂತ 2015ರಲ್ಲಿ ಊರು ಬಿಟ್ಟರು. ಆಗ ವಯಸ್ಸು 21. ಟರ್ಕಿಯಿಂದ ರಬ್ಬರ್ ದೋಣಿ ಹತ್ತಿ ಗ್ರೀಸ್‌ನ ಲೆಸ್ಬೋಸ್ ದ್ವೀಪ, ಅಲ್ಲಿಂದ ಜರ್ಮನಿ.

ಸುದ್ದಿವಾಹಿನಿಗಳು ಹೇಳಿದ್ದು ಬಹುತೇಕ ಈ ದೋಣಿ ಕಥೆಯನ್ನೇ. ಆದರೆ ಗೆಲುವಿನ ಗುಟ್ಟು ಇರೋದು ಆಮೇಲಿನ ವರ್ಷಗಳಲ್ಲಿ. ಜರ್ಮನ್ ಕಲಿತ ಅವರು ಪಕ್ಕದ ಆಲ್ಟೆಂಗ್‌ಸ್ಟೆಟ್ ಊರಿನ ಆಡಳಿತ ಕಚೇರಿಯಲ್ಲಿ ತರಬೇತಿ ಪಡೆದು ಅಲ್ಲೇ ಕೆಲಸಕ್ಕೆ ನಿಂತರು. ಅರ್ಜಿ ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತೆ, ಜನ ಯಾವುದಕ್ಕೆ ಅಲೆಯುತ್ತಾರೆ ಅನ್ನೋದು ಕೌಂಟರ್ ಹಿಂದೆ ಕೂತವರಿಗೆ ಗೊತ್ತಿರುತ್ತಲ್ಲ. 2022ರಲ್ಲಿ ಜರ್ಮನ್ ಪೌರತ್ವ ಸಿಕ್ಕಿತು, ಮರುವರ್ಷವೇ ಸ್ಪರ್ಧೆ.

ಆ ರಾಜ್ಯದ (ಬಾಡೆನ್-ವುರ್ಟೆಂಬರ್ಗ್) ನಿಯಮವೂ ಹೊಸಬರಿಗೆ ಅನುಕೂಲ. ಮೇಯರ್‌ನನ್ನು ಆರಿಸೋದು ಸದಸ್ಯರಲ್ಲ, ನೇರವಾಗಿ ಮತದಾರರೇ. 16 ವರ್ಷ ತುಂಬಿದವರಿಗೂ ಮತ ಉಂಟು. ಮತಪತ್ರದಲ್ಲಿ ಪಕ್ಷದ ಹೆಸರಿರುವುದಿಲ್ಲ. ಅಲ್‌ಶೆಬ್ಲ್ ಗ್ರೀನ್ ಪಕ್ಷದ ಸದಸ್ಯರಾದರೂ ಪಕ್ಷೇತರರಾಗಿಯೇ ನಿಂತರು. ಮೊದಲ ಸುತ್ತಲ್ಲೇ ಗೆಲ್ಲಬೇಕಾದರೆ ಅರ್ಧಕ್ಕಿಂತ ಹೆಚ್ಚು ಮತ ಬೇಕು. ಅವರಿಗೆ ಬಿದ್ದಿದ್ದು ಶೇ. 55.41.

ಪ್ರಚಾರಕ್ಕೆ ಮನೆಮನೆ ಸುತ್ತಿದರು. ಮಕ್ಕಳನ್ನು ನೋಡಿಕೊಳ್ಳುವ ಕೇಂದ್ರಗಳು ಸರಿಯಾಗಿ ನಡೆಯಬೇಕು, ಕಚೇರಿ ಕೆಲಸ ಆನ್‌ಲೈನ್‌ನಲ್ಲೇ ಆಗಬೇಕು, ಇವೇ ಮುಖ್ಯ ಭರವಸೆಗಳು. ಎಲ್ಲರೂ ಕೈ ಕುಲುಕಿದರು ಅಂತೇನಿಲ್ಲ. ಬಲಪಂಥೀಯ ಒಲವಿನ ಕೆಲವರು ಅವರನ್ನು ಒಪ್ಪಲೇ ಇಲ್ಲ. ಆದರೂ ಹೆಚ್ಚಿನವರು ಬಾಗಿಲು ತೆರೆದು ಮಾತಾಡಿದರು.

ಅಂದಹಾಗೆ, ಓಸ್ಟೆಲ್ಸ್‌ಹೈಮ್ ಇರೋದು ಕಾಲ್ವ್ ಜಿಲ್ಲೆಯಲ್ಲಿ. ಕಾಲ್ವ್ ಅಂದರೆ ಸಾಹಿತಿ ಹೆರ್ಮನ್ ಹೆಸ್ಸೆ ಹುಟ್ಟೂರು. ಹೆಸ್ಸೆಯ ಅಜ್ಜ ಹೆರ್ಮನ್ ಗುಂಡರ್ಟ್ ಬಾಸೆಲ್ ಮಿಷನ್‌ನವರು, ತಲಶ್ಶೇರಿ, ಮಂಗಳೂರುಗಳಲ್ಲಿ ಕೆಲಸ ಮಾಡಿದವರು. ಅವರ ಮಲಯಾಳಂ ನಿಘಂಟು 1872ರಲ್ಲಿ ಅಚ್ಚಾಗಿದ್ದು ನಮ್ಮ ಮಂಗಳೂರಿನಲ್ಲೇ.

ಈಗ ಅಧಿಕಾರದ ವಿಷಯ. ಇಲ್ಲಿ ಮೇಯರ್ ಅವಧಿ ಎಂಟು ವರ್ಷ. ಸಿಬ್ಬಂದಿಗೆ ಅವರೇ ಮುಖ್ಯಸ್ಥ, ಸದಸ್ಯರ ಸಭೆಗೂ ಅವರೇ ಅಧ್ಯಕ್ಷ. ಅವಿಶ್ವಾಸ ಗೊತ್ತುವಳಿ ತಂದು ಇಳಿಸುವ ಆಟ ಈ ರಾಜ್ಯದಲ್ಲಿ ನಡೆಯಲ್ಲ. ಹಾಗಂತ ಮನಬಂದಂತೆ ಖರ್ಚು ಮಾಡೋಕೂ ಆಗಲ್ಲ. ಬಜೆಟ್‌ಗೆ ಸಭೆ ಒಪ್ಪಲೇಬೇಕು, ಅಲ್ಲಿ ಮೇಯರ್‌ಗೂ ಒಂದೇ ಮತ.

2023ರ ಜೂನ್‌ನಲ್ಲಿ ಅಲ್‌ಶೆಬ್ಲ್ ಕುರ್ಚಿ ಏರಿದ್ದಾರೆ. ಓಸ್ಟೆಲ್ಸ್‌ಹೈಮ್ ಜನ ಮತ್ತೆ ಮೇಯರ್ ಆರಿಸೋದು 2031ಕ್ಕೆ.